ಷರತ್ತಿನ ಒಪ್ಪಿಗೆಯಿಂದ ಬಹಿಷ್ಕಾರದವರೆಗೆ: 1973ರ ವಿಂಬಲ್ಡನ್ ಕುರಿತ ಒಂದು ಪ್ರಕರಣ ಅಧ್ಯಯನ

1973ರ ಜೂನ್ 25ರಂದು ವಿಂಬಲ್ಡನ್ ಶುರುವಾದಾಗ ಪುರುಷರ ವಿಭಾಗದ 81 ಆಟಗಾರರು ಬೇಕೆಂದೇ ಹೊರಗುಳಿದಿದ್ದರು. ಹಿಂದಿನ ವರ್ಷದ ಚಾಂಪಿಯನ್ ಕೂಡ ಅವರಲ್ಲಿ ಒಬ್ಬರು. ಬಹುಮಾನದ ಹಣ ಕಡಿಮೆಯಾಯಿತೆಂದು ಯಾರೂ ತಕರಾರು ತೆಗೆದಿರಲಿಲ್ಲ. ಸಹ ಆಟಗಾರರೊಬ್ಬರಿಗೆ ಅವರ ದೇಶದ ಟೆನಿಸ್ ಫೆಡರೇಶನ್ ವಿಧಿಸಿದ ಅಮಾನತು ಇಷ್ಟಕ್ಕೆಲ್ಲ ಕಾರಣವಾಗಿತ್ತು. ಆ ಅಮಾನತಿನಲ್ಲಿ ಕೊನೆಗೆ ಉಳಿದದ್ದು ಒಂದೇ ತಿಂಗಳು.

ಈ ಬರಹದಲ್ಲಿ ವಿವಾದದ ಪಕ್ಷಗಾರರ ಹೆಸರುಗಳನ್ನು ಬಿಟ್ಟಿದೆ. ಅಮಾನತಾದವರು ಇಲ್ಲಿ ಬರೀ ‘ಆಟಗಾರ’. ಉಳಿದವರನ್ನು ಅವರ ಹುದ್ದೆಯಿಂದ ಕರೆದಿದೆ. ಹೆಸರು ಹಿಡಿದು ಓದಿದರೆ ಯಾರು ಸರಿ, ಯಾರು ತಪ್ಪು ಎಂಬಲ್ಲಿಗೇ ಮಾತು ನಿಂತುಬಿಡುತ್ತದೆ. ನೋಡಬೇಕಾದದ್ದು ಬೇರೆ ಇದೆ: ಪ್ರತಿ ಹಂತದಲ್ಲೂ ಯಾರ ಕೈಯಲ್ಲಿ ಯಾವ ಅಧಿಕಾರವಿತ್ತು, ಅಗ್ಗದಲ್ಲಿ ಮುಗಿಸುವ ದಾರಿ ಯಾವುದಿತ್ತು, ಅದು ಏಕೆ ಕೈತಪ್ಪಿತು.

ಹಿನ್ನೆಲೆ

1968ಕ್ಕೆ ಮೊದಲು ವಿಂಬಲ್ಡನ್‌ನಂಥ ದೊಡ್ಡ ಟೂರ್ನಿಗಳು ಹವ್ಯಾಸಿಗಳಿಗೆ ಮಾತ್ರ ಮೀಸಲಾಗಿದ್ದವು. ಬಹಿರಂಗವಾಗಿ ಹಣ ಪಡೆದು ಆಡುವವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ಗೋಡೆ ಮೊದಲು ಒಡೆದದ್ದು 1968ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಬೋರ್ನ್‌ಮತ್‌ನ ಮಣ್ಣಿನ ಅಂಕಣದಲ್ಲಿ. ಹವ್ಯಾಸಿಗಳೂ ವೃತ್ತಿಪರರೂ ಒಟ್ಟಿಗೆ ಆಡಿದ ಆ ಮೊದಲ ‘ಓಪನ್’ ಟೂರ್ನಿಯ ಫೈನಲ್‌ನಲ್ಲಿ ವೃತ್ತಿಪರ ಕೆನ್ ರೋಸ್‌ವಾಲ್ ಅವರು ಇನ್ನೊಬ್ಬ ವೃತ್ತಿಪರ ರಾಡ್ ಲೇವರ್ ಅವರನ್ನು ಸೋಲಿಸಿದರು. ಅದೇ ಬೇಸಿಗೆಯಲ್ಲಿ ಲೇವರ್ ವಿಂಬಲ್ಡನ್ ಗೆದ್ದು 2,000 ಪೌಂಡ್ ಪಡೆದರು.

ಹೆಸರಿಗೆ ‘ಓಪನ್’ ಎಂದರೂ ಬಾಗಿಲು ಎಲ್ಲರಿಗೂ ಒಂದೇ ರೀತಿ ತೆರೆದಿರಲಿಲ್ಲ. ಆಟಗಾರರಲ್ಲಿ ಮೂರು ವರ್ಗಗಳಾದವು. ಮೊದಲನೆಯವರು ಹವ್ಯಾಸಿಗಳು. ಎರಡನೆಯವರು ನೋಂದಾಯಿತ ಆಟಗಾರರು: ಬಹುಮಾನದ ಹಣ ಪಡೆಯಬಹುದು, ಆದರೆ ತಮ್ಮ ದೇಶದ ಫೆಡರೇಶನ್ನಿನ ಅಧೀನದಲ್ಲಿರಬೇಕು; ದೇಶಗಳ ತಂಡಗಳು ಸೆಣಸುವ ಡೇವಿಸ್ ಕಪ್ ಆಡಬಹುದು. ಮೂರನೆಯವರು ಗುತ್ತಿಗೆ ವೃತ್ತಿಪರರು. ಇವರು ಖಾಸಗಿ ಪ್ರವರ್ತಕರ ಜೊತೆ ಒಪ್ಪಂದ ಮಾಡಿಕೊಂಡು ಅವರು ಹೇಳಿದಲ್ಲಿ ಆಡುತ್ತಿದ್ದರು. ಫೆಡರೇಶನ್ನುಗಳಿಗೆ ಇವರ ಮೇಲೆ ಹಿಡಿತವಿರಲಿಲ್ಲ, ಇವರಿಗೆ ಡೇವಿಸ್ ಕಪ್ ಕೂಡ ಇರಲಿಲ್ಲ.

ನಮ್ಮ ಪ್ರಕರಣದ ಆಟಗಾರ ಈ ಮೂರನೆಯ ವರ್ಗದವರು. ಯುಗೊಸ್ಲಾವಿಯಾದವರು. ಅಮೆರಿಕದಲ್ಲಿ ಹುಟ್ಟಿದ ವರ್ಲ್ಡ್ ಚಾಂಪಿಯನ್‌ಶಿಪ್ ಟೆನಿಸ್ (ಡಬ್ಲ್ಯುಸಿಟಿ) ಎಂಬ ಖಾಸಗಿ ಪ್ರವರ್ತಕ ಸಂಸ್ಥೆ ಆರಂಭದಲ್ಲೇ ಸಹಿ ಹಾಕಿಸಿಕೊಂಡ ಎಂಟು ಮಂದಿಯಲ್ಲಿ ಒಬ್ಬರು. ಮುಂದೆ ಆಟಗಾರರ ಸಂಘದ ಅಧ್ಯಕ್ಷರಾದವರೂ ಅದೇ ಎಂಟರಲ್ಲಿದ್ದರು. 1973ರಲ್ಲಿ ಬಹಿಷ್ಕಾರ ಮುರಿದು ಅಂಕಣಕ್ಕಿಳಿದ ಬ್ರಿಟಿಷ್ ಆಟಗಾರರೂ ಅವರಲ್ಲೇ ಒಬ್ಬರು. ಐದು ವರ್ಷ ಒಂದೇ ತಂಡವಾಗಿ ಊರೂರು ಸುತ್ತಿದ ಮೂವರು ಒಂದೇ ವಾರದಲ್ಲಿ ಮೂರು ಬೇರೆ ಸ್ಥಾನಗಳಲ್ಲಿ ನಿಂತರು.

ಡಬ್ಲ್ಯುಸಿಟಿಗೂ ಅಂತರರಾಷ್ಟ್ರೀಯ ಲಾನ್ ಟೆನಿಸ್ ಫೆಡರೇಶನ್‌ಗೂ ತಿಕ್ಕಾಟ ಬೆಳೆದು 1972ರಲ್ಲಿ ಗುತ್ತಿಗೆ ವೃತ್ತಿಪರರನ್ನು ವಿಂಬಲ್ಡನ್‌ನಿಂದ ಹೊರಗಿಟ್ಟದ್ದೂ ಆಯಿತು. 1970 ಮತ್ತು 1971ರಲ್ಲಿ ಗೆದ್ದಿದ್ದ ಜಾನ್ ನ್ಯೂಕೂಂಬ್‌ಗೆ ತಮ್ಮ ಪ್ರಶಸ್ತಿಯನ್ನು ಉಳಿಸಿಕೊಳ್ಳಲು ಆಡುವ ಅವಕಾಶವೇ ಸಿಗಲಿಲ್ಲ. ಅದೇ ವರ್ಷ ರಾಜಿಯಾಗಿ ವರ್ಷದ ಕ್ಯಾಲೆಂಡರನ್ನು ಹಂಚಿಕೊಂಡರು. ಮೊದಲ ನಾಲ್ಕೈದು ತಿಂಗಳು ಡಬ್ಲ್ಯುಸಿಟಿ, ಉಳಿದದ್ದು ಫೆಡರೇಶನ್ನಿನ ಗ್ರ್ಯಾಂಡ್ ಪ್ರಿ ಎಂಬ ಟೂರ್ನಿ ಸರಣಿ. ಅದರ ಬೆನ್ನಿಗೇ, 1973ರಿಂದ, ಡೇವಿಸ್ ಕಪ್ ಗುತ್ತಿಗೆ ಆಟಗಾರರಿಗೂ ತೆರೆಯಿತು.

ಎಲ್ಲರೂ ಸ್ವಾಗತಿಸಿದ ಈ ಕೊನೆಯ ಬದಲಾವಣೆಯಲ್ಲೇ ಪ್ರಕರಣದ ಬೇರು ಇದೆ. ಅಲ್ಲಿಯವರೆಗೆ ತನ್ನ ದೇಶದ ಫೆಡರೇಶನ್ನಿನ ಕೈಗೆ ಸಿಗದೆ ಇದ್ದ ವೃತ್ತಿಪರ ಒಮ್ಮೆಲೇ ಅದರ ಕರೆಗೆ ಒಳಪಟ್ಟ. ಕರೆಗೆ ಬಾರದಿದ್ದರೆ ವಿಚಾರಿಸುವವರು ಯಾರು, ಶಿಕ್ಷೆ ಎಷ್ಟು, ಮೇಲ್ಮನವಿ ಎಲ್ಲಿಗೆ ಎಂಬುದೆಲ್ಲ ಹವ್ಯಾಸಿಗಳ ಕಾಲದ ಪದ್ಧತಿಯಲ್ಲೇ ಉಳಿದಿತ್ತು. ದೂರು ಕೊಡುವುದೂ ಫೆಡರೇಶನ್, ತೀರ್ಪು ಕೊಡುವುದೂ ಫೆಡರೇಶನ್. ಇನ್ನೊಂದು ಕಡೆ, 1972ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ಆಟಗಾರರೇ ಸೇರಿ ಅಸೋಸಿಯೇಷನ್ ಆಫ್ ಟೆನಿಸ್ ಪ್ರೊಫೆಶನಲ್ಸ್ (ಎಟಿಪಿ) ಕಟ್ಟಿಕೊಂಡಿದ್ದರು. ಆಗ ಅದು ಒಂದು ವರ್ಷವೂ ತುಂಬದ ಸಂಘ. ನಿಜವಾದ ಜಗಳವೊಂದನ್ನು ಅದಿನ್ನೂ ಎದುರಿಸಿರಲಿಲ್ಲ.

ಒಂದೇ ತಿಂಗಳು, ಎರಡು ಕರೆ

1973ರ ಮೇ ತಿಂಗಳಲ್ಲಿ ಯುಗೊಸ್ಲಾವಿಯಾ ಡೇವಿಸ್ ಕಪ್‌ನಲ್ಲಿ ನ್ಯೂಜಿಲೆಂಡನ್ನು ಎದುರಿಸಬೇಕಿತ್ತು. ಅದೇ ಹೊತ್ತಿಗೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಡಬ್ಲ್ಯುಸಿಟಿಯ ಡಬಲ್ಸ್ ಫೈನಲ್ ಟೂರ್ನಿ. ಆಟಗಾರರು ಆಸ್ಟ್ರೇಲಿಯಾದ ಜೊತೆಗಾರರೊಬ್ಬರ ಜೊತೆ ಡಬಲ್ಸ್ ಆಡುತ್ತಿದ್ದರು.

ಮಾಂಟ್ರಿಯಲ್‌ಗೆ ಅರ್ಹತೆ ಸಿಗುತ್ತಿದ್ದುದು ಹೀಗೆ. ಆ ವರ್ಷ ಡಬ್ಲ್ಯುಸಿಟಿ ತನ್ನ ಆಟಗಾರರನ್ನು 32ರಂತೆ ಎರಡು ಗುಂಪು ಮಾಡಿತ್ತು. ವಾರವಾರದ ಟೂರ್ನಿಗಳಲ್ಲಿ ಗಳಿಸಿದ ಅಂಕಗಳ ಮೇಲೆ ಪ್ರತಿ ಗುಂಪಿನ ಮೇಲಿನ ಜೋಡಿಗಳು ಫೈನಲ್ ಟೂರ್ನಿಗೆ ಹೋಗುತ್ತಿದ್ದವು. ಹಾಗಾಗಿ ತಾನು ಅರ್ಹನೋ ಅಲ್ಲವೋ ಎಂಬುದನ್ನು ಯಾವ ಆಟಗಾರನೂ ತಿಂಗಳುಗಳ ಮೊದಲೇ ಹೇಳುವಂತಿರಲಿಲ್ಲ. ಇನ್ನೂ ಮುಖ್ಯವಾದ ಮಾತು: ಡಬಲ್ಸ್‌ನಲ್ಲಿ ಒಬ್ಬ ಬಿಟ್ಟರೆ ಇನ್ನೊಬ್ಬನ ಸ್ಥಾನವೂ ಹೋಗುತ್ತದೆ. ಜೊತೆಗಾರ ಇಡೀ ಋತು ಆಡಿ ಗಳಿಸಿದ್ದು ಇವರ ಒಂದು ತೀರ್ಮಾನದಿಂದ ಕೊಚ್ಚಿಹೋಗುತ್ತಿತ್ತು.

ಆಟಗಾರರ ವಾದ: ಡೇವಿಸ್ ಕಪ್ ಆಡುತ್ತೇನೆಂದು ಹೇಳಿದ್ದು ನಿಜ, ಆದರೆ ಡಬಲ್ಸ್ ಫೈನಲ್‌ಗೆ ಅರ್ಹತೆ ಸಿಗದಿದ್ದರೆ ಎಂಬ ಷರತ್ತಿನ ಮೇಲೆ. ಫೆಡರೇಶನ್ನಿನ ವಾದ: ಬರುತ್ತೇನೆಂದು ಮಾತು ಕೊಟ್ಟು ತಪ್ಪಿದರು. ಅರ್ಹತೆ ಸಿಕ್ಕಿತು, ಆಟಗಾರರು ಡೇವಿಸ್ ಕಪ್‌ಗೆ ಬರಲಿಲ್ಲ, ಯುಗೊಸ್ಲಾವಿಯಾ ಸೋತಿತು. ಫೆಡರೇಶನ್ ಅವರನ್ನು ಒಂಬತ್ತು ತಿಂಗಳು ಅಮಾನತು ಮಾಡಿತು.

ಎರಡೂ ಕಡೆಯವರು ಒಂದೇ ಮಾತನ್ನು ಎರಡು ರೀತಿ ಕೇಳಿಸಿಕೊಂಡದ್ದು ಇಲ್ಲಿಯ ಮೂಲ ತೊಡಕು. ತಂಡ ಕಟ್ಟುವವರಿಗೆ ‘ಬರುತ್ತೇನೆ, ಆದರೆ’ ಎಂಬುದರಲ್ಲಿ ಮೊದಲ ಪದವೇ ದೊಡ್ಡದು, ಆಡುವವರಿಗೆ ಎರಡನೆಯದು. ತಂಡ ಸೋತ ಮೇಲಂತೂ ಆ ‘ಆದರೆ’ ಫೆಡರೇಶನ್ನಿನ ಕಿವಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ. ಗೆದ್ದಿದ್ದರೆ ಒಂದು ಛೀಮಾರಿಯಲ್ಲಿ ಮುಗಿಯುತ್ತಿತ್ತು ಎಂದು ಅಂದುಕೊಳ್ಳಲು ಕಾರಣವಿದೆ.

ಒಂದು ದೇಶದ ಅಮಾನತು ಎಲ್ಲ ದೇಶಗಳಲ್ಲಿ ಹೇಗೆ ನಡೆಯಿತು?

ಯುಗೊಸ್ಲಾವಿಯಾದ ಫೆಡರೇಶನ್ ಹಾಕಿದ ಶಿಕ್ಷೆ ಲಂಡನ್ನಿನ ಹುಲ್ಲಿನ ಅಂಕಣಕ್ಕೆ ಏಕೆ ತಾಗಬೇಕು? ತಾಂತ್ರಿಕವಾಗಿ ಹೀಗೆ: ಅಂತರರಾಷ್ಟ್ರೀಯ ಫೆಡರೇಶನ್ ಎಂದರೆ ದೇಶಗಳ ಫೆಡರೇಶನ್ನುಗಳ ಕೂಟ. ತನ್ನ ದೇಶದ ಸಂಸ್ಥೆಯ ಜೊತೆ ಸರಿಯಿಲ್ಲದ ಆಟಗಾರನ ಎಂಟ್ರಿಯನ್ನು ಬೇರೆ ದೇಶದ ಸಂಸ್ಥೆಗಳೂ ಆಗ ಒಪ್ಪಿಕೊಳ್ಳುವಂತಿರಲಿಲ್ಲ. ಒಪ್ಪಿಕೊಂಡ ಟೂರ್ನಿ ತಾನೇ ಕ್ರಮಕ್ಕೆ ಗುರಿಯಾಗುತ್ತಿತ್ತು. ಹಾಗಾಗಿ ಒಂದು ದೇಶದ ಆಡಳಿತ ಮಂಡಳಿ ತನ್ನ ಕೋಣೆಯಲ್ಲಿ ಕೂತು ತೆಗೆದುಕೊಂಡ ತೀರ್ಮಾನ ಆಟಗಾರನ ಜೀವನೋಪಾಯವನ್ನು ಇಡೀ ಜಗತ್ತಿನಲ್ಲಿ ನಿಲ್ಲಿಸಿಬಿಡುತ್ತಿತ್ತು. ಹವ್ಯಾಸಿಗೆ ಇದು ಅವಮಾನವಷ್ಟೇ. ಆಡಿ ಬದುಕುವವನಿಗೆ ಇದು ಸಂಬಳ ನಿಂತಂತೆ.

ಎಟಿಪಿ ಹಿಡಿದದ್ದು ಈ ಎಳೆಯನ್ನೇ. ಆಟಗಾರ ಮಾತು ತಪ್ಪಿದರೋ ಇಲ್ಲವೋ ಎಂಬ ಪ್ರಶ್ನೆಯನ್ನು ಅದು ಪಕ್ಕಕ್ಕಿಟ್ಟಿತು. ವೃತ್ತಿಪರನೊಬ್ಬನ ದುಡಿಮೆಯನ್ನು ನಿಲ್ಲಿಸುವ ಅಧಿಕಾರ ಪ್ರಕರಣದಲ್ಲಿ ಪಕ್ಷಗಾರನೇ ಆದ ಸಂಸ್ಥೆಗೆ ಇರಬಾರದು ಎಂಬುದು ಅದರ ನಿಲುವು. ಡೇವಿಸ್ ಕಪ್ ಆಡುವುದು ಬಿಡುವುದು ಆಟಗಾರನ ಇಚ್ಛೆ ಎಂಬುದೂ ಇದರ ಜೊತೆಗಿತ್ತು. ಸಂಘಟನೆ ನಡೆಸುವವರು ಇದನ್ನು ಗಮನಿಸಬೇಕು. ಸತ್ಯಾಂಶ ಗೊಂದಲದಲ್ಲಿದ್ದ ಪ್ರಕರಣದಲ್ಲಿ ಸಂಘ ಸತ್ಯಾಂಶದ ಮೇಲೆ ಹೋರಾಡಲಿಲ್ಲ, ವಿಚಾರಣೆಯ ಕ್ರಮದ ಮೇಲೆ ಹೋರಾಡಿತು. ಸತ್ಯಾಂಶದ ಮೇಲೆ ನಿಂತಿದ್ದರೆ ಒಂದು ಪತ್ರ, ಒಂದು ಫೋನ್ ಮಾತಿನ ಅರ್ಥ ಏನೆಂಬ ಚರ್ಚೆಯಲ್ಲೇ ಜೂನ್ ಕಳೆದುಹೋಗುತ್ತಿತ್ತು.

ಒಂಬತ್ತರಿಂದ ಒಂದಕ್ಕೆ

ಮೇಲ್ಮನವಿ ಅಂತರರಾಷ್ಟ್ರೀಯ ಫೆಡರೇಶನ್ನಿನ ಮುಂದೆ ಬಂತು. ವಿಚಾರಣೆ ಬಾಕಿಯಿದ್ದುದರಿಂದ ಆಟಗಾರರಿಗೆ ಫ್ರೆಂಚ್ ಓಪನ್‌ನಲ್ಲಿ ಆಡಲು ಬಿಟ್ಟರು. ಅವರು ಅಲ್ಲಿ ಫೈನಲ್ ತಲುಪಿದರು. ರೊಮೇನಿಯಾದ ಅಗ್ರ ಆಟಗಾರರಿಗೆ 3-6, 3-6, 0-6ರಿಂದ ಸೋತರು. ಅಮಾನತು ತಲೆಯ ಮೇಲೆ ತೂಗುತ್ತಿದ್ದಾಗ ಆಡಿದ ಆಟ ಅದು. ವೃತ್ತಿಜೀವನದಲ್ಲಿ ಅವರು ಸಿಂಗಲ್ಸ್‌ನಲ್ಲಿ ತಲುಪಿದ ಏಕೈಕ ಗ್ರ್ಯಾಂಡ್‌ಸ್ಲಾಮ್ ಫೈನಲ್ ಕೂಡ ಅದೇ.

ಅಂತರರಾಷ್ಟ್ರೀಯ ಫೆಡರೇಶನ್ ಒಂಬತ್ತು ತಿಂಗಳನ್ನು ಒಂದಕ್ಕೆ ಇಳಿಸಿತು. ಕಾಗದದ ಮೇಲೆ ನೋಡಿದರೆ ಇದು ಧಾರಾಳವಾದ ರಾಜಿ. ದೇಶದ ಫೆಡರೇಶನ್ನಿನ ಮುಖವೂ ಉಳಿಯಿತು, ಆಟಗಾರರ ಎಂಟು ತಿಂಗಳೂ ಉಳಿಯಿತು. ಆದರೆ ಆ ಒಂದು ತಿಂಗಳು ಮುಗಿಯುತ್ತಿದ್ದುದು ಜೂನ್ 30ಕ್ಕೆ. ವಿಂಬಲ್ಡನ್ ಆರಂಭ ಜೂನ್ 25ಕ್ಕೆ. ಐದು ದಿನಗಳ ವ್ಯತ್ಯಾಸದಲ್ಲಿ ವರ್ಷದ ಅತಿ ದೊಡ್ಡ ಟೂರ್ನಿ ಕೈತಪ್ಪಿತು.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಟೆನಿಸ್‌ನಲ್ಲಿ ಎಲ್ಲ ತಿಂಗಳ ತೂಕವೂ ಒಂದೇ ಅಲ್ಲ. ಆಗ ಜೂನ್ ಮಧ್ಯದಿಂದ ಜುಲೈ ಮೊದಲ ವಾರದವರೆಗೆ ಯುರೋಪಿನಲ್ಲಿ ಹುಲ್ಲಿನ ಅಂಕಣದ ಋತು; ಅದು ಹೋದರೆ ಮತ್ತೆ ಬರುವುದು ಮುಂದಿನ ವರ್ಷ. ಅದೇ ಒಂದು ತಿಂಗಳನ್ನು ನವೆಂಬರ್‌ನಲ್ಲಿ ಹಾಕಿದ್ದರೆ ಎಟಿಪಿಗೆ 80 ಮಂದಿಯನ್ನು ಒಗ್ಗೂಡಿಸಲು ವಿಷಯವೇ ಇರುತ್ತಿರಲಿಲ್ಲ. ಮೇ ತಿಂಗಳಿಂದ ಲೆಕ್ಕ ಹಿಡಿದು ಮೂರೂವರೆ ವಾರಕ್ಕೆ ಮುಗಿಸಿದ್ದರೂ ಅಷ್ಟೇ. ಶಿಕ್ಷೆಯ ಅವಧಿಯನ್ನು ಅಳೆದವರು ಅದು ಯಾವ ದಿನಾಂಕಗಳ ಮೇಲೆ ಕೂರುತ್ತದೆ ಎಂಬುದನ್ನು ಅಳೆಯಲಿಲ್ಲ, ಅಥವಾ ಅಳೆದೂ ಬೇಕೆಂದೇ ಹಾಗೆ ಮಾಡಿದರು. ಆಟಗಾರರಲ್ಲಿ ಬಹಳ ಮಂದಿ ನಂಬಿದ್ದು ಎರಡನೆಯದನ್ನು. ನಂಬಿಕೆ ಸರಿಯೋ ತಪ್ಪೋ, ಸಂಘವನ್ನು ಒಗ್ಗೂಡಿಸಿದ್ದು ಅದೇ.

ನ್ಯಾಯಾಲಯ ಮತ್ತು ಮಧ್ಯರಾತ್ರಿಯ ಮತ

ಎಟಿಪಿಯ ಮುಂದೆ ನಾಲ್ಕು ದಾರಿಗಳಿದ್ದವು. ಅಮಾನತಾದ ಆಟಗಾರರೊಬ್ಬರೇ ತಮ್ಮ ಎಂಟ್ರಿ ವಾಪಸು ಪಡೆಯುವುದು. ಪ್ರತಿಭಟನೆ ದಾಖಲಿಸಿ ಉಳಿದವರು ಆಡುವುದು. ಅವರ ಎಂಟ್ರಿ ಒಪ್ಪಿಕೊಳ್ಳುವಂತೆ ವಿಂಬಲ್ಡನ್ನಿನ ಮೇಲೆ ಒತ್ತಡ ತರುವುದು. ಕೊನೆಯದು ನ್ಯಾಯಾಲಯ. ಮೊದಲ ಎರಡನ್ನು ಆರಿಸಿದ್ದರೆ ಸಂಘ ಇದ್ದೂ ಇಲ್ಲದಂತಾಗುತ್ತಿತ್ತು. ವಿಂಬಲ್ಡನ್ ಆಡಳಿತದ ಕೈ ಕಟ್ಟಿಹೋಗಿತ್ತು. ಓಪನ್ ಟೆನಿಸ್‌ಗಾಗಿ ಎಲ್ಲರಿಗಿಂತ ಹೆಚ್ಚು ಒತ್ತಾಯಿಸಿದ ಸಂಸ್ಥೆಯೇ ಅದಾದರೂ ಅಂತರರಾಷ್ಟ್ರೀಯ ನಿಯಮವನ್ನು ಮೀರಲು ಮುಂದಾಗಲಿಲ್ಲ.

ಉಳಿದದ್ದು ಲಂಡನ್ನಿನ ಹೈಕೋರ್ಟ್. ಅಲ್ಲಿ ಆಟಗಾರರ ಪರ ತಡೆಯಾಜ್ಞೆ ಸಿಗಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತುವಾಗ ಸೋತರೆ ಮುಂದೇನು ಎಂಬ ಉತ್ತರ ಕೈಯಲ್ಲಿರಬೇಕು. ಸೋತ ಮೇಲೆ ಬಹಿಷ್ಕಾರಕ್ಕಿಳಿದರೆ ‘ಕೋರ್ಟಿಗೂ ಬಗ್ಗದವರು’ ಎಂಬ ಆಪಾದನೆ ಬರುವುದು ಖಂಡಿತ. ಬಂದದ್ದೂ ಅದೇ. ಬ್ರಿಟಿಷ್ ಪತ್ರಿಕೆಗಳಲ್ಲಿ ಆಟಗಾರರನ್ನು ಹಣದಾಸೆಯವರೆಂದು ಬರೆದರು. ಲೆಕ್ಕ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಆ ವರ್ಷ ವಿಂಬಲ್ಡನ್ ಗೆದ್ದವರಿಗೆ 5,000 ಪೌಂಡ್. ಮೇ ತಿಂಗಳಲ್ಲಿ ಡಲ್ಲಾಸ್‌ನ ಡಬ್ಲ್ಯುಸಿಟಿ ಫೈನಲ್ ಗೆದ್ದವರಿಗೆ 50,000 ಡಾಲರ್. ಅಂದಿನ ವಿನಿಮಯ ದರದಲ್ಲಿ ಮೊದಲನೆಯದು ಎರಡನೆಯದರ ಕಾಲುಭಾಗ. ಹೊರಗುಳಿದವರು ಬಿಟ್ಟುಕೊಟ್ಟದ್ದು ಹಣಕ್ಕಿಂತ ದೊಡ್ಡದನ್ನು. ರೋಸ್‌ವಾಲ್‌ಗೆ ಆಗ 38 ವರ್ಷ, ವಿಂಬಲ್ಡನ್ ಸಿಂಗಲ್ಸ್ ಒಂದು ಬಿಟ್ಟು ಉಳಿದ ದೊಡ್ಡ ಪ್ರಶಸ್ತಿಗಳನ್ನೆಲ್ಲ ಗೆದ್ದಿದ್ದರು. ಅವರೂ ಹೊರಗುಳಿದರು. ಹಿಂದಿನ ವರ್ಷ ನಿಷೇಧದಿಂದ ಹೊರಗಿದ್ದ ನ್ಯೂಕೂಂಬ್ ಈ ವರ್ಷ ತಾವಾಗಿಯೇ ಹೊರಗುಳಿದರು.

ಕೋರ್ಟಿನ ತೀರ್ಮಾನದ ನಂತರ, ಟೂರ್ನಿಗೆ ಕೆಲವೇ ದಿನ ಇರುವಾಗ, ಎಟಿಪಿಯ ಮಂಡಳಿ ಲಂಡನ್ನಿನ ಹೋಟೆಲೊಂದರಲ್ಲಿ ರಾತ್ರಿ ಸೇರಿತು. ಮತ ಹಾಕುವವರು ಏಳು ಮಂದಿ. ಸಂಘದ ಸದಸ್ಯರ ನಿಲುವು ಆಗಲೇ ಬಹಿಷ್ಕಾರದ ಕಡೆಗಿತ್ತು. ಮಂಡಳಿಯ ಮುಂದಿದ್ದ ಪ್ರಶ್ನೆ ಅದನ್ನು ಬಿಡಬೇಕೇ ಎಂಬುದು. ಮೂವರು ಆಡೋಣ ಎಂದರು. ಮೂವರು ಬೇಡ ಎಂದರು. ಅಧ್ಯಕ್ಷರು ಯಾವ ಕಡೆಗೂ ಮತ ಹಾಕಲಿಲ್ಲ.

ಮತ ಹಾಕದಿರುವುದನ್ನು ಹಿಂಜರಿಕೆ ಎಂದು ಓದಿದರೆ ತಪ್ಪಾಗುತ್ತದೆ. ಇರುವ ನಿಲುವನ್ನು ಬದಲಿಸಲು ಬಹುಮತ ಬೇಕು. 3-3 ಆದರೆ ಬಹುಮತವಿಲ್ಲ. ನಿಲುವು ಹಾಗೇ ಉಳಿಯುತ್ತದೆ. ಅಧ್ಯಕ್ಷರು ಸುಮ್ಮನಿದ್ದೇ ಬಹಿಷ್ಕಾರವನ್ನು ಉಳಿಸಿದರು, ಅದೂ ಸಂಘದ ಮುಖ್ಯಸ್ಥ ಒಂದು ಬಣದ ಪರ ಮತ ಹಾಕಿದರೆಂಬ ಮಾತಿಗೆ ಆಸ್ಪದ ಕೊಡದೆ. ಪ್ರಶ್ನೆಯನ್ನು ತಿರುಗಿಸಿ ‘ಬಹಿಷ್ಕರಿಸಬೇಕೇ?’ ಎಂದು ಕೇಳಿದ್ದರೆ ಅದೇ 3-3ರಲ್ಲಿ ಎಲ್ಲರೂ ಆಡಬೇಕಾಗುತ್ತಿತ್ತು. ಯಾವುದೇ ಸಂಘದಲ್ಲಿ ಗೊತ್ತುವಳಿಯ ವಾಕ್ಯ ಬರೆಯುವವರಿಗೆ ಎಷ್ಟು ಅಧಿಕಾರವಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ನನ್ನ ಮಟ್ಟಿಗೆ ಪ್ರಕರಣದ ಅತಿ ಗೌರವದ ಕ್ಷಣ ಇದರ ನಂತರದ್ದು. ಆಡೋಣ ಎಂದು ಮತ ಹಾಕಿದ ಮೂವರಲ್ಲಿ ಒಬ್ಬರು ಹಾಲಿ ಚಾಂಪಿಯನ್. ತಮ್ಮ ಮತ ಸೋತ ಮೇಲೆ ಅವರು ಪ್ರಶಸ್ತಿ ಉಳಿಸಿಕೊಳ್ಳುವ ಅವಕಾಶವನ್ನೇ ಬಿಟ್ಟು ಹೊರನಡೆದರು. ಬಹಿಷ್ಕಾರಕ್ಕೆ ಬಲ ಬಂದದ್ದು ಅದನ್ನು ಬಯಸಿದವರಿಂದ ಮಾತ್ರವಲ್ಲ, ಬಯಸದೆಯೂ ಪಾಲಿಸಿದವರಿಂದ.

ಅಂಕಣದಲ್ಲಿ ಏನಾಯಿತು

ಎಂಟ್ರಿಗಳು ಒಂದೇ ಏಟಿಗೆ ವಾಪಸಾದಾಗ ಸಂಘಟಕರು ಡ್ರಾ (ಯಾರು ಯಾರೊಡನೆ ಆಡಬೇಕೆಂಬ ಪಟ್ಟಿ) ಹೊಸದಾಗಿ ಮಾಡಬೇಕಾಯಿತು. ಶ್ರೇಯಾಂಕ ಕೊಡುವ ಆಟಗಾರರ ಸಂಖ್ಯೆಯನ್ನು 16ರಿಂದ 8ಕ್ಕೆ ಇಳಿಸಿದರು. ಖಾಲಿ ಜಾಗಗಳಿಗೆ ಅರ್ಹತಾ ಸುತ್ತಿನವರನ್ನೂ ಅಲ್ಲಿ ಸೋತವರನ್ನೂ ತುಂಬಿದರು. ಎಟಿಪಿ ಸದಸ್ಯರಲ್ಲಿ ಮೂವರು ಮಾತ್ರ ಬಹಿಷ್ಕಾರ ಮುರಿದರು: ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ಗೆದ್ದ ರೊಮೇನಿಯಾದವರು, ಮೇಲೆ ಹೇಳಿದ ಬ್ರಿಟಿಷ್ ಆಟಗಾರರು, ಆಸ್ಟ್ರೇಲಿಯಾದ ಒಬ್ಬರು. ಪೂರ್ವ ಯುರೋಪಿನ ಕೆಲವರು ಸಂಘದ ಸದಸ್ಯರೇ ಆಗಿರಲಿಲ್ಲವಾದ್ದರಿಂದ ಅವರಿಗೆ ಮುರಿಯುವ ಪ್ರಶ್ನೆ ಬರಲಿಲ್ಲ.

ಒಂದನೇ ಶ್ರೇಯಾಂಕ ಪಡೆದ ರೊಮೇನಿಯಾದ ಆಟಗಾರರನ್ನು ಅಮೆರಿಕದ ಯುವಕ ಸ್ಯಾಂಡಿ ಮೇಯರ್ ನಾಲ್ಕನೇ ಸುತ್ತಿನಲ್ಲೇ ಸೋಲಿಸಿದರು. 17ರ ಬ್ಯೋನ್ ಬೋರ್ಗ್ ಕ್ವಾರ್ಟರ್ ಫೈನಲ್‌ವರೆಗೆ ಬಂದರು. ಭಾರತದ ಓದುಗರು ನೆನಪಿಡುವ ಪಂದ್ಯವೂ ಆ ಸುತ್ತಿನದೇ: 19 ವರ್ಷದ ವಿಜಯ್ ಅಮೃತರಾಜ್ ಚೆಕೊಸ್ಲೊವಾಕಿಯಾದ ಯಾನ್ ಕೊಡೆಶ್ ಅವರನ್ನು ಐದನೇ ಸೆಟ್ಟಿಗೆ ಎಳೆದು 5-7ರಿಂದ ಕಳೆದುಕೊಂಡರು. ಕೊಡೆಶ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ಅಲೆಕ್ಸ್ ಮೆಟ್ರೆವೆಲಿ ಅವರನ್ನು 6-1, 9-8, 6-3ರಿಂದ ಗೆದ್ದರು. (ಆಗ ವಿಂಬಲ್ಡನ್‌ನಲ್ಲಿ ಟೈಬ್ರೇಕರ್ 8-8ಕ್ಕೆ ಬರುತ್ತಿತ್ತು, 9-8 ಎಂಬ ಅಂಕ ಅದರಿಂದ.) ಕೊಡೆಶ್ ಅವರ ಗೆಲುವನ್ನು ಖಾಲಿ ಮೈದಾನದ ಗೆಲುವೆಂದು ತಳ್ಳಿಹಾಕುವುದು ಅನ್ಯಾಯ. ಅವರು ಅದಕ್ಕೆ ಮೊದಲೇ ಎರಡು ಸಲ ಫ್ರೆಂಚ್ ಓಪನ್ ಗೆದ್ದಿದ್ದರು.

ಪ್ರೇಕ್ಷಕರು ಮಾತ್ರ ಬಹಿಷ್ಕಾರಕ್ಕೆ ಸೊಪ್ಪು ಹಾಕಲಿಲ್ಲ. ಎರಡು ವಾರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಬಂದರು. ಗೇಟಿನ ಲೆಕ್ಕದಲ್ಲಿ ಎಟಿಪಿ ಸೋತಿತು. ಸಂಘದ ಕಾರ್ಯನಿರ್ವಾಹಕ ನಿರ್ದೇಶಕರು ಬಿಬಿಸಿಯಲ್ಲಿ ಮಾಡುತ್ತಿದ್ದ ವೀಕ್ಷಕ ವಿವರಣೆಯ ಕೆಲಸವನ್ನೂ ಕಳೆದುಕೊಂಡರು. ಬಹಿಷ್ಕಾರ ಮುರಿದವರಿಗೆ ಸಂಘ ದಂಡ ಹಾಕಿತು.

ನಂತರ ಬದಲಾದದ್ದು

ಆ ಜೂನ್‌ನಲ್ಲಿ ಆಟಗಾರರಿಗೆ ಏನೂ ಸಿಗಲಿಲ್ಲ. ಅಮಾನತು ತನ್ನ ದಿನಕ್ಕೇ ಮುಗಿಯಿತು. ಆದರೆ 80 ಮಂದಿ ನಿಜವಾಗಿಯೂ ಹೊರನಡೆಯುತ್ತಾರೆ ಎಂಬುದು ಎಲ್ಲ ಫೆಡರೇಶನ್ನುಗಳಿಗೂ ಗೊತ್ತಾಯಿತು. ಮರುವರ್ಷ ಪುರುಷರ ವೃತ್ತಿಪರ ಟೆನಿಸ್ ನಡೆಸಲು ಅಂತರರಾಷ್ಟ್ರೀಯ ಮಂಡಳಿಯೊಂದು ರಚನೆಯಾಯಿತು. ಸ್ವಲ್ಪದರಲ್ಲೇ ಅದರಲ್ಲಿ ಫೆಡರೇಶನ್, ಆಟಗಾರರು, ಟೂರ್ನಿ ನಡೆಸುವವರು, ಮೂರೂ ಕಡೆಯವರಿಗೆ ಮೂರು ಮೂರು ಸ್ಥಾನಗಳಾದವು. ಶಿಸ್ತಿನ ವಿಷಯ ಚರ್ಚಿಸುವ ಮೇಜಿನ ಸುತ್ತ ಆಟಗಾರರಿಗೂ ಕುರ್ಚಿ ಸಿಕ್ಕಿತು. 1973ರ ಆಗಸ್ಟ್ 23ರಂದು ಎಟಿಪಿ ತನ್ನ ಮೊದಲ ಕಂಪ್ಯೂಟರ್ ಶ್ರೇಯಾಂಕವನ್ನೂ ಹೊರಡಿಸಿತು. ಯಾರಿಗೆ ಟೂರ್ನಿಯಲ್ಲಿ ಜಾಗ ಎಂಬುದು ಅಧಿಕಾರಿಗಳ ಮರ್ಜಿಯಿಂದ ಅಂಕಗಳ ಕಡೆಗೆ ಸರಿಯತೊಡಗಿತು. ಮೊದಲ ಸ್ಥಾನ ಸಿಕ್ಕಿದ್ದು ಬಹಿಷ್ಕಾರ ಮುರಿದ ರೊಮೇನಿಯಾದ ಆಟಗಾರರಿಗೇ. ಸಂಘ ತನ್ನ ಲೆಕ್ಕದಲ್ಲಿ ಸಿಟ್ಟನ್ನು ಬೆರೆಸಲಿಲ್ಲ. ಪಟ್ಟಿಯ ಮೇಲೆ ನಂಬಿಕೆ ಕೂರಲು ಅದು ತುಂಬ ನೆರವಾಯಿತು.

ಇಂದು ರಾಜ್ಯ ಸಂಸ್ಥೆ, ಕ್ಲಬ್ಬು, ಲೀಗು ಮೂರರ ನಡುವೆ ಸಿಕ್ಕಿಕೊಳ್ಳುವ ಯಾವ ಆಟಗಾರರಿಗಾದರೂ ಈ ಪ್ರಕರಣದಿಂದ ಎತ್ತಿಕೊಳ್ಳಬಹುದಾದ ಕೆಲಸದ ಭಾಗ ಆ ಮೊದಲ ಒಪ್ಪಿಗೆಯ ಹಂತದಲ್ಲಿದೆ. ಷರತ್ತಿನ ಮೇಲೆ ಒಪ್ಪುವವರು ಷರತ್ತನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಬೇಕು, ಕೊನೆಯಲ್ಲಿ ಸೇರಿಸಬಾರದು. ಷರತ್ತು ಈಡೇರಿತೋ ಇಲ್ಲವೋ ಎಂಬುದು ಯಾವ ದಿನಾಂಕಕ್ಕೆ ತಿಳಿಯುತ್ತದೆ, ತಿಳಿದ ಎಷ್ಟು ದಿನದೊಳಗೆ ಹೇಳುತ್ತೇನೆ ಎಂಬುದನ್ನೂ ನಮೂದಿಸಬೇಕು. ಆ ದಿನಾಂಕದವರೆಗೆ ಬದಲಿ ಆಟಗಾರನನ್ನು ಸಿದ್ಧವಾಗಿಟ್ಟುಕೊಳ್ಳಿ ಎಂದು ಸಂಸ್ಥೆಗೆ ತಿಳಿಸಬೇಕು. ಡಬಲ್ಸ್ ಆದರೆ ಜೊತೆಗಾರರ ಸ್ಥಾನವೂ ಇದಕ್ಕೆ ಕಟ್ಟಿಕೊಂಡಿದೆ ಎಂದು ಹೇಳಬೇಕು. ಪತ್ರ ಪಡೆದ ಸಂಸ್ಥೆಯೂ ಒಪ್ಪುತ್ತೇವೆ ಅಥವಾ ಒಪ್ಪುವುದಿಲ್ಲ ಎಂದು ಬರಹದಲ್ಲೇ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಆಟಗಾರರು ಅದನ್ನು ಒಪ್ಪಿಗೆ ಎಂದು ತಿಳಿಯದೆ ಮತ್ತೆ ಕೇಳಬೇಕು. ತಂಡದ ಪಟ್ಟಿ ಪ್ರಕಟವಾದ ಮೇಲೆ ಕೇಳಿದರೆ ತಡವಾಯಿತು.